ದೈನಂದಿನ ಕೆಲಸದ ತಂತ್ರಾಂಶ ನವೋದ್ಯಮ: ಸ್ಥಾಪನೆ, ನೋಂದಣಿ ಮತ್ತು ಬೆಳವಣಿಗೆ

ಪೀಠಿಕೆ

ಲೆಕ್ಕ ಇಡುವುದು, ದಾಸ್ತಾನು ನಮೂದಿಸುವುದು, ಪತ್ರ ಸಿದ್ಧಪಡಿಸುವುದು, ಕೆಲಸ ಹಂಚುವುದು ಮುಂತಾದ ದೈನಂದಿನ ಕಾರ್ಯಗಳನ್ನು ಕಡಿಮೆ ವೇಳೆಯಲ್ಲಿ ಪೂರೈಸಲು ನೆರವಾಗುವ ತಂತ್ರಾಂಶವನ್ನು ಉತ್ಪಾದಕತಾ ತಂತ್ರಾಂಶವೆಂದು ಕರೆಯಲಾಗುತ್ತದೆ. ಇಂತಹ ಉದ್ಯಮವನ್ನು ಬೆಂಗಳೂರಿನಲ್ಲಿಯೇ ಆರಂಭಿಸಬೇಕೆಂಬ ನಿಯಮವಿಲ್ಲ. ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದಲ್ಲಿರುವ ಸ್ವಂತ ಮನೆಯನ್ನೂ ಕಂಪನಿಯ ನೋಂದಾಯಿತ ಕಚೇರಿಯಾಗಿ ತೋರಿಸಬಹುದು. ಆದರೆ ನೋಂದಣಿ ಪತ್ರವಾಗಲಿ ಸಹಾಯಧನವಾಗಲಿ ಗ್ರಾಹಕರನ್ನು ತಂದುಕೊಡುವುದಿಲ್ಲ. ಹತ್ತಿರದ ಒಂದು ಕಸುಬಿನ ಒಂದು ತೊಂದರೆಯನ್ನು ನಿವಾರಿಸಿ, ಹಣ ಕೊಟ್ಟು ಬಳಸುವವರನ್ನು ಉಳಿಸಿಕೊಂಡ ಉದ್ಯಮವೇ ನಿಲ್ಲುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಮತ್ತು ನಂತರ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕೆಲಸದ ಆಯ್ಕೆ

ಬೆಂಗಳೂರಿನ ಟ್ಯಾಲಿ ಸಂಸ್ಥೆಯು ಇದಕ್ಕೆ ಉತ್ತಮ ನಿದರ್ಶನ. ಕಾರ್ಖಾನೆಗಳಿಗೆ ಹಾಗೂ ಜವಳಿ ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಮತ್ತು ಬಿಡಿಭಾಗಗಳನ್ನು ಪೂರೈಸುತ್ತಿದ್ದ ಶ್ರೀ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ತಂತ್ರಾಂಶ ದೊರೆಯಲಿಲ್ಲ. ಗಣಿತ ಪದವೀಧರರಾದ ಅವರ ಪುತ್ರ ಶ್ರೀ ಭರತ್ ಗೋಯೆಂಕಾ ಅವರು ಅದನ್ನು ಸಿದ್ಧಪಡಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಆರಂಭವಾದ ಸಂಸ್ಥೆಯು 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಎಂಬ ಹೆಸರು ಪಡೆಯಿತು. 2005ರಲ್ಲಿ ಮೌಲ್ಯವರ್ಧಿತ ತೆರಿಗೆ, 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ತಂತ್ರಾಂಶವನ್ನೂ ಅದಕ್ಕೆ ತಕ್ಕಂತೆ ಬದಲಿಸಲಾಯಿತು. ಶ್ರೀ ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿಸಲಾಯಿತು. ಒಬ್ಬ ವ್ಯಾಪಾರಿಯ ಅಗತ್ಯದಿಂದ ಹುಟ್ಟಿದ ಉತ್ಪನ್ನವು ಕಾನೂನಿನೊಡನೆ ಹೆಜ್ಜೆ ಹಾಕಿದ್ದರಿಂದ ಬಾಳಿಕೆ ಬಂದಿತೆಂಬುದನ್ನು ಅರ್ಜಿದಾರರು ಗಮನಿಸಬೇಕು.

2. ಸ್ಥಳೀಯ ಅವಕಾಶ

ತುಂಗಭದ್ರೆಯ ನೀರಾವರಿಯಿರುವ ಸಿರುಗುಪ್ಪ ಭಾಗದಲ್ಲಿ ಭತ್ತ ಪ್ರಮುಖ ಬೆಳೆ, ಅಕ್ಕಿ ಗಿರಣಿ ಪ್ರಮುಖ ಉದ್ದಿಮೆ. ಗಿರಣಿಯಲ್ಲಿ ತೂಕದ ಚೀಟಿ, ತೇವಾಂಶದ ಕಡಿತ, ಹಮಾಲಿ, ಚೀಲ ಹಾಗೂ ಕ್ವಿಂಟಾಲ್ ಲೆಕ್ಕ, ಅಕ್ಕಿ, ನುಚ್ಚು ಮತ್ತು ತೌಡಿನ ದಾಸ್ತಾನು, ರೈತರಿಗೆ ಪಾವತಿಸಬೇಕಾದ ಬಾಕಿ ಇವೆಲ್ಲವೂ ಪ್ರತಿದಿನ ತಾಳೆಯಾಗಬೇಕು. ಬಳ್ಳಾರಿ ನಗರದ ಜೀನ್ಸ್ ಉಡುಪು ಘಟಕಗಳಲ್ಲಿ ಕತ್ತರಿಸುವ, ಹೊಲಿಯುವ ಮತ್ತು ತೊಳೆಯುವ ಹಂತಗಳ ಲೆಕ್ಕವೂ ಇಂಥದ್ದೇ. ಈ ಪೈಕಿ ಒಂದನ್ನು ಮಾತ್ರ ಆಯ್ದುಕೊಂಡು, ಲೆಕ್ಕ ಬರೆಯುವವರ ಪಕ್ಕದಲ್ಲಿ ಕೆಲವು ದಿನ ಕುಳಿತು, ಯಾವ ನಮೂದನ್ನು ಎರಡು ಬಾರಿ ಬರೆಯಲಾಗುತ್ತಿದೆ ಎಂಬುದನ್ನು ಗುರುತಿಸುವುದು ಮೊದಲ ಕಾರ್ಯ.

ಕನ್ನಡದ ಬಳಕೆಯನ್ನು ಆರಂಭದಲ್ಲಿಯೇ ಅಳವಡಿಸಬೇಕು. 1998ರಲ್ಲಿ ಬಿಡುಗಡೆಯಾದ ಶ್ರೀ ಶೇಷಾದ್ರಿವಾಸು ಅವರ 'ಬರಹ' ಹಾಗೂ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳಿಂದ ಕನ್ನಡ ಬೆರಳಚ್ಚು ಸುಲಭವಾಯಿತು. ಹಳೆಯ ಅಕ್ಷರಶೈಲಿಗಳಲ್ಲಿರುವ ದಾಖಲೆಗಳನ್ನು ಹುಡುಕಲು, ವಿಂಗಡಿಸಲು ತೊಡಕಾಗುವುದರಿಂದ ಹೊಸ ತಂತ್ರಾಂಶದಲ್ಲಿ ಯೂನಿಕೋಡ್ ಬಳಸುವುದು ಅವಶ್ಯಕ.

3. ಉದ್ಯಮದ ಸ್ವರೂಪ ಮತ್ತು ನೋಂದಣಿ

ಅ) ಖಾಸಗಿ ನಿಯಮಿತ ಕಂಪನಿಯನ್ನು ಕಂಪನಿಗಳ ಅಧಿನಿಯಮ, 2013ರಡಿ ನೋಂದಾಯಿಸಲಾಗುತ್ತದೆ. ಒಬ್ಬರೇ ಇದ್ದಲ್ಲಿ ಏಕವ್ಯಕ್ತಿ ಕಂಪನಿಗೆ ಅವಕಾಶವಿದೆ. ಕನಿಷ್ಠ ಬಂಡವಾಳದ ಷರತ್ತನ್ನು 2015ರಲ್ಲಿ ಕೈಬಿಡಲಾಗಿದೆ.

ಆ) ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ (2008ರ ಅಧಿನಿಯಮ) ಕನಿಷ್ಠ ಇಬ್ಬರು ಪಾಲುದಾರರು ಬೇಕು.

ಇ) ಗ್ರಾಮದ ಮನೆಯನ್ನು ಕಂಪನಿಯ ಕಚೇರಿಯಾಗಿ ತೋರಿಸುವಾಗ ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲು ಹಾಗೂ ಮನೆಯ ಮಾಲೀಕರ ಒಪ್ಪಿಗೆ ಪತ್ರವನ್ನು ಲಗತ್ತಿಸಬೇಕು.

ಈ) ಸೂಕ್ಷ್ಮ ಉದ್ಯಮವಾಗಿ 'ಉದ್ಯಮ್' ನೋಂದಣಿಯನ್ನು ಆಧಾರ್ ಸಂಖ್ಯೆಯ ಮೂಲಕ ಉಚಿತವಾಗಿ ಪಡೆಯಬಹುದು. ಇದಕ್ಕಾಗಿ ಮಧ್ಯವರ್ತಿಗಳಿಗೆ ಶುಲ್ಕ ನೀಡುವ ಅಗತ್ಯವಿಲ್ಲ.

ಉ) ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದಾಗ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ.

ಕೇಂದ್ರ ಸರ್ಕಾರವು 2016ರ ಜನವರಿ 16ರಂದು ಆರಂಭಿಸಿದ ಸ್ಟಾರ್ಟ್‌ಅಪ್ ಇಂಡಿಯಾ ಕಾರ್ಯಕ್ರಮದಡಿ ನವೋದ್ಯಮ ಮಾನ್ಯತೆಗೂ ಶುಲ್ಕವಿಲ್ಲ. ಏಕಮಾಲೀಕತ್ವದ ವ್ಯವಹಾರಗಳಿಗೆ ಈ ಮಾನ್ಯತೆ ದೊರೆಯುವುದಿಲ್ಲವಾದ್ದರಿಂದ ಉದ್ಯಮದ ಸ್ವರೂಪವನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಸೂಕ್ತ.

4. ಹಕ್ಕು ಮತ್ತು ಹೊಣೆ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಗಣಕ ಕ್ರಮವಿಧಿಯು ಸಾಹಿತ್ಯಿಕ ಕೃತಿಯ ವ್ಯಾಪ್ತಿಗೆ ಬರುತ್ತದೆ. ಸಂಬಳದ ನೌಕರರು ಕರ್ತವ್ಯದ ಭಾಗವಾಗಿ ಬರೆದ ಕ್ರಮವಿಧಿಯ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸಂಸ್ಥೆಗೆ ಸೇರುತ್ತದೆ. ಆದರೆ ಹೊರಗಿನವರಿಗೆ ಹಣ ಕೊಟ್ಟು ಬರೆಯಿಸಿದ ಮಾತ್ರಕ್ಕೆ ಹಕ್ಕು ತಾನಾಗಿ ವರ್ಗವಾಗುವುದಿಲ್ಲ. ಸಹಿ ಮಾಡಿದ ಲಿಖಿತ ಹಸ್ತಾಂತರ ಪತ್ರ ಬೇಕು. ಈ ಪತ್ರವಿಲ್ಲದಿದ್ದರೆ ವರ್ಷಗಳ ಶ್ರಮದ ನಂತರ ಉತ್ಪನ್ನವೇ ಕೈತಪ್ಪುವ ಸಂಭವವಿದೆ. ಉತ್ಪನ್ನದ ಹೆಸರನ್ನು ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರಡಿ ನೋಂದಾಯಿಸಿದಲ್ಲಿ 10 ವರ್ಷಗಳ ರಕ್ಷಣೆ ದೊರೆಯುತ್ತದೆ. ನಂತರ ಅದನ್ನು ನವೀಕರಿಸಬಹುದು.

ರೈತರ ದೂರವಾಣಿ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳು ವೈಯಕ್ತಿಕ ದತ್ತಾಂಶಗಳಾಗಿವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದ್ದು, ಅವು ಹಂತಹಂತವಾಗಿ ಜಾರಿಗೆ ಬರುತ್ತವೆ. ಅಗತ್ಯವಿರುವಷ್ಟೇ ಮಾಹಿತಿ ಪಡೆಯುವುದು ಹಾಗೂ ಪ್ರತಿದಿನ ಬೇರೊಂದು ಸ್ಥಳದಲ್ಲಿ ಪ್ರತಿ ಉಳಿಸುವುದು ಉದ್ಯಮಿಯ ಹೊಣೆ. ಸುಗ್ಗಿಯ ಒಂದು ದಿನದ ಲೆಕ್ಕ ಅಳಿಸಿಹೋದರೂ ನಷ್ಟವಾಗುವುದು ರೈತರಿಗೆ ಮತ್ತು ಗಿರಣಿಗೆ.

5. ಬೆಳವಣಿಗೆ

ಉದಾಹರಣೆಗೆ, ತಿಂಗಳಿಗೆ 500 ರೂಪಾಯಿ ಕೊಡುವ 40 ಗ್ರಾಹಕರಿದ್ದರೆ ಮಾಸಿಕ ವರಮಾನ 20,000 ರೂಪಾಯಿ. ಹೊಸಬರು ಬಾರದೆ ತಿಂಗಳಿಗೆ ಇಬ್ಬರಂತೆ ಬಿಟ್ಟುಹೋದಲ್ಲಿ ವರ್ಷಾಂತ್ಯಕ್ಕೆ ಉಳಿಯುವವರು 16 ಮಂದಿ. ವರಮಾನ 8,000 ರೂಪಾಯಿಗೆ ಇಳಿಯುತ್ತದೆ. ಆದುದರಿಂದ ಹೊಸ ಗ್ರಾಹಕರನ್ನು ಅರಸುವ ಮುನ್ನ ಬಿಟ್ಟವರು ಏಕೆ ಬಿಟ್ಟರೆಂಬುದನ್ನು ವಿಚಾರಿಸಿ, ದೋಷ ಸರಿಪಡಿಸಬೇಕು. ಮೊದಲ ಕೆಲವು ಗಿರಣಿಗಳು ಒಂದು ಪೂರ್ಣ ಸುಗ್ಗಿಯಲ್ಲಿ ಬಳಸಿದ ನಂತರವೇ ನೆರೆಯ ತಾಲ್ಲೂಕುಗಳಿಗೆ ವಿಸ್ತರಿಸುವುದು ಒಳಿತು.

ಗ್ರಾಮೀಣ ನೆಲೆಯಿಂದಲೂ ಹೊರದೇಶದ ಗ್ರಾಹಕರಿಗೆ ಸೇವೆ ಒದಗಿಸಬಹುದು. 1996ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಝೋಹೋ ಸಂಸ್ಥೆಯು 2011ರಲ್ಲಿ ತಮಿಳುನಾಡಿನ ತೆಂಕಾಶಿ ಬಳಿ ಕಚೇರಿ ತೆರೆಯಿತು. ಅದರ ಗ್ರಾಹಕ ಸೇವಾ ತಂತ್ರಾಂಶ 'ಝೋಹೋ ಡೆಸ್ಕ್' ಅಲ್ಲಿಯೇ ರೂಪುಗೊಂಡಿತು.

6. ಸರ್ಕಾರದ ನೆರವು

ರಾಜ್ಯದಲ್ಲಿ 2017ರಲ್ಲಿ ಆರಂಭವಾದ 'ಎಲಿವೇಟ್' ಯೋಜನೆಯಡಿ ಆಯ್ಕೆಯಾದ ನವೋದ್ಯಮಗಳಿಗೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನ ನೀಡಲಾಗಿದೆ. ಇದಕ್ಕೆ ಪ್ರತಿಯಾಗಿ ಸರ್ಕಾರವು ಉದ್ಯಮದಲ್ಲಿ ಪಾಲು ಪಡೆಯುವುದಿಲ್ಲ. ಅರ್ಜಿಗಳನ್ನು ಪ್ರಕಟಣೆಯ ಮೂಲಕ ಆಹ್ವಾನಿಸಲಾಗುತ್ತದೆ. ಮೊತ್ತ ಮತ್ತು ಷರತ್ತುಗಳಿಗೆ ಆಯಾ ಪ್ರಕಟಣೆಯನ್ನು ನೋಡಬೇಕು. ಕೈಗಾರಿಕಾ ಯೋಜನೆಗಳ ಮಾಹಿತಿಗಾಗಿ ಬಳ್ಳಾರಿಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.

ಅರ್ಜಿದಾರರ ಗಮನಕ್ಕೆ: ಸಹಾಯಧನದ ಅರ್ಜಿ ಬರೆಯುವ ಮುನ್ನ ಒಬ್ಬ ಗ್ರಾಹಕರಿಂದಾದರೂ ತಂತ್ರಾಂಶಕ್ಕೆ ಹಣ ಪಡೆದು ರಸೀದಿ ನೀಡಿರುವುದು ಅಪೇಕ್ಷಣೀಯ. ಯೋಜನಾ ವರದಿಯ ಪುಟಗಳಿಗಿಂತ ಆ ರಸೀದಿಯು ಉದ್ಯಮದ ಅಗತ್ಯವನ್ನು ಸ್ಪಷ್ಟವಾಗಿ ತೋರಿಸುತ್ತದೆ.