ಮಳೆ ತೊಳೆಯದ ಜಾಗ

ಕಡಲ ಬದಿಯ ಮನೆಯ ಶೀಟಿನ ಮಾಡು ಹೇಗಿದೆ ಎಂದು ತಿಳಿಯಲು ಏಣಿ ಹತ್ತಬೇಕಾಗಿಲ್ಲ. ಸೂರಿನ ಕೆಳಗೆ ನಿಂತು ಕತ್ತೆತ್ತಿದರೆ ಸಾಕು. ಮೇಲ್ಮೈಯ ಬಣ್ಣ ಇನ್ನೂ ಹೊಸದರಂತೆ ಹೊಳೆಯುತ್ತಿರುವಾಗಲೇ, ಗೋಡೆಯಿಂದ ಹೊರಚಾಚಿದ ಎರಡಡಿ ಶೀಟಿನ ಅಡಿಬದಿಯಲ್ಲಿ ಬಿಳಿ ಹುಡಿ ಎದ್ದಿರುತ್ತದೆ, ಅಂಚಿನುದ್ದಕ್ಕೂ ಕೆಂಪು ಗೆರೆ ಮೂಡಿರುತ್ತದೆ. ತುಕ್ಕಿಗೆ ಮಳೆಯೇ ಕಾರಣ ಎಂದು ನಂಬಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಾಲ್ಕು ತಿಂಗಳು ಮಳೆ ಬಡಿದ ಕಡೆ ಏನೂ ಆಗಿಲ್ಲ, ಒಂದು ಹನಿಯೂ ಬೀಳದ ಕಡೆ ಲೋಹ ಕರಗುತ್ತಿದೆ. ಮಲ್ಪೆ, ಪಡುಕೆರೆ, ಮರವಂತೆ, ಉಳ್ಳಾಲದಂಥ ಕಡೆ ಕೆಲಸ ಮಾಡಿ ಪಳಗಿದ ಶೀಟಿನವರು ಮಾತ್ರ ಇದಕ್ಕೆ ಆಶ್ಚರ್ಯಪಡುವುದಿಲ್ಲ. ತಿನ್ನುವುದು ಉಪ್ಪು, ಅದನ್ನು ತೊಳೆದು ಕಳಿಸುವುದು ಮಳೆ ಎಂಬುದು ಅವರಿಗೆ ಗೊತ್ತು.

ತೆರೆ ಒಡೆದಾಗಲೆಲ್ಲ ಸಣ್ಣ ಸಣ್ಣ ಉಪ್ಪುಹನಿಗಳು ಗಾಳಿಗೆ ಏರುತ್ತವೆ. ಅವುಗಳಲ್ಲಿ ದಪ್ಪನೆಯವು ದಡದಿಂದ ಕೆಲವು ನೂರು ಮೀಟರಿನೊಳಗೇ ಇಳಿದುಬಿಡುತ್ತವೆ. ತೀರದ ಮೊದಲ ಸಾಲಿನ ಮನೆಗೂ ಹೆದ್ದಾರಿಯಾಚೆಯ ಮನೆಗೂ ಮಾಡಿನ ಆಯುಸ್ಸಿನಲ್ಲಿ ಅಷ್ಟು ವ್ಯತ್ಯಾಸ ಬರುವುದು ಇದರಿಂದಲೇ. ಶೀಟಿನ ಮೇಲೆ ಕೂತ ಉಪ್ಪು ಸುಮ್ಮನಿರುವುದಿಲ್ಲ, ಗಾಳಿಯ ತೇವ ಹೀರುತ್ತದೆ. ಬರೀ ಅಡುಗೆ ಉಪ್ಪಾದರೆ ಗಾಳಿಯ ತೇವಾಂಶ ಶೇ. 75ರ ಆಸುಪಾಸಿಗೆ ಬಂದಾಗ ನೀರೊಡೆಯುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೂ ಬೇಡ. ಹಾಗಾಗಿ ಮಳೆಯ ಸುಳಿವೇ ಇಲ್ಲದ ಜನವರಿಯ ರಾತ್ರಿಯಲ್ಲೂ ಕರಾವಳಿಯ ಶೀಟಿನ ಮೇಲೆ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ ಇರುತ್ತದೆ. ಜೂನ್ ಬಂದ ಮೇಲೆ ಮಳೆ ಇದನ್ನೆಲ್ಲ ಕೆರೆದು ಒಯ್ಯುತ್ತದೆ. ಸೂರಿನ ಅಡಿಭಾಗಕ್ಕೆ, ಟಾಂಕಿಯ ನೆರಳಿಗೆ, ಎರಡು ಶೀಟುಗಳ ಸಂದಿಗೆ ಆ ಭಾಗ್ಯವಿಲ್ಲ.

ಹಂಚಿಗೆ ಈ ತಾಪತ್ರಯ ಇರಲಿಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲು, ಸೋಗೆಯ ಮಾಡುಗಳು ಒಂದೊಂದಾಗಿ ಕೆಂಪಾದವು. ಸುಟ್ಟ ಮಣ್ಣಿಗೆ ತುಕ್ಕು ಎಲ್ಲಿಂದ ಬರಬೇಕು? ತೊಂದರೆ ಇದ್ದದ್ದು ಹಂಚನ್ನು ಹೊರುವ ಮರದಲ್ಲಿ. ಚದರ ಮೀಟರಿಗೆ ಸುಮಾರು 40 ಕಿಲೋ ತೂಗುವ ಹಂಚಿಗೆ ಗಟ್ಟಿ ಪಕ್ಕಾಸು, ಸಾಲುಸಾಲು ರೀಪು ಬೇಕು. ಗೆದ್ದಲು ಬಿಡುವುದಿಲ್ಲ, ಮಂಗಗಳು ಓಡಾಡಿದರೆ ಒಡೆಯುತ್ತದೆ, ವರ್ಷಕ್ಕೊಮ್ಮೆ ಕೈಯಾಡಿಸುವ ಜನ ಈಗ ಸಿಗುವುದಿಲ್ಲ. ಅನಂತರ ತಾರಸಿ ಮನೆ ಬಂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಚಪ್ಪಟೆ ತಲೆಯ ಮನೆ ಕಟ್ಟಿದ್ದು ನಮ್ಮ ಕಾಲದ ದೊಡ್ಡ ಧೈರ್ಯಗಳಲ್ಲೊಂದು ಎಂದೇ ನನ್ನ ಅಭಿಪ್ರಾಯ. ಅದು ಸೋರಿತು. ಸೋರುವ ತಾರಸಿಗೆ ಕಬ್ಬಿಣದ ಕಂಬ ನಿಲ್ಲಿಸಿ ಮೇಲೊಂದು ಶೀಟಿನ ಮಾಡು ಹಾಕುವುದು ಈಗ ಉಡುಪಿ, ಮಂಗಳೂರು, ಕುಂದಾಪುರಗಳಲ್ಲಿ ಮನೆ ಕಟ್ಟುವ ಲೆಕ್ಕದಲ್ಲೇ ಸೇರಿಹೋಗಿದೆ. ಕೆಳಗೆ ಅಡಿಕೆ ಒಣಗುತ್ತದೆ, ಬಟ್ಟೆ ಒಣಗುತ್ತದೆ, ಎಂಗೇಜ್‌ಮೆಂಟಿನ ಊಟವೂ ಆಗುತ್ತದೆ.

ಶೀಟು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ನೋಡುವುದು ಬಣ್ಣದ ಪಟ್ಟಿ, ಆಮೇಲೆ ಕೇಳುವುದು ದಪ್ಪ. ಎರಡೂ ಬೇಕಾದ್ದೇ. ಆದರೆ ಕಡಲ ಬದಿಯಲ್ಲಿ ಅವೆರಡಕ್ಕಿಂತ ಮುಂಚೆ ಕೇಳಬೇಕಾದದ್ದು ಬಣ್ಣಕ್ಕೂ ಉಕ್ಕಿಗೂ ನಡುವೆ ಏನಿದೆ ಎಂಬುದನ್ನು. ತಗಡನ್ನು ಅಲೆಅಲೆಯಾಗಿ ಮಡಚಿದರೆ ತೆಳುವಾಗಿದ್ದೂ ಗಟ್ಟಿಯಾಗುತ್ತದೆ ಎಂಬ ಉಪಾಯಕ್ಕೆ ಲಂಡನ್ನಿನ ಹೆನ್ರಿ ಪಾಮರ್ ಪೇಟೆಂಟ್ ಪಡೆದದ್ದು 1829ರಲ್ಲಿ. ಬರೀ ಕಬ್ಬಿಣವಾದ್ದರಿಂದ ಅದು ತುಕ್ಕು ಹಿಡಿಯುತ್ತಿತ್ತು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ಕ್ರಮಕ್ಕೆ ಪೇಟೆಂಟ್ ಪಡೆದ. ನಮ್ಮ ಹಿರಿಯರು ಜಿಂಕ್ ಶೀಟು ಎನ್ನುತ್ತಿದ್ದುದು ಈ ಎರಡು ಬುದ್ಧಿಗಳು ಕೂಡಿ ಹುಟ್ಟಿದ ಸರಕನ್ನು. ಸತು ಬರೀ ಹೊದಿಕೆಯಾಗಿ ನಿಲ್ಲುವುದಿಲ್ಲ. ಎಲ್ಲಾದರೂ ಗೀರಿ ಉಕ್ಕು ಹೊರಗೆ ಕಂಡರೆ, ಉಕ್ಕಿಗಿಂತ ಮೊದಲು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಉಕ್ಕಿನ ಬೋಟುಗಳ ತಳಕ್ಕೆ ಸತುವಿನ ಗಟ್ಟಿ ಕೂರಿಸುವುದೂ ಇದೇ ನಂಬಿಕೆಯ ಮೇಲೆ, ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಉಪ್ಪುಗಾಳಿಯಲ್ಲಿ ಸತು ಬೇಗ ಖರ್ಚಾಗುತ್ತದೆ. ಅದಕ್ಕೆ ಉತ್ತರ ಸಿಕ್ಕಿದ್ದು 1972ರಲ್ಲಿ, ಅಮೆರಿಕದ ಬೆಥ್ಲೆಹೆಮ್ ಸ್ಟೀಲ್ ಕಂಪನಿ ಗಾಲ್ವಲ್ಯೂಮ್ ಎಂಬ ಲೇಪವನ್ನು ಮಾರುಕಟ್ಟೆಗೆ ತಂದಾಗ. ತೂಕದ ಲೆಕ್ಕದಲ್ಲಿ ಶೇ. 55 ಅಲ್ಯೂಮಿನಿಯಂ, ಸುಮಾರು 43.5 ಸತು, ಉಳಿದ ಒಂದೂವರೆ ಸಿಲಿಕಾನ್. ಅಲ್ಯೂಮಿನಿಯಂ ನಿಧಾನವಾಗಿ ಸವೆಯುತ್ತದೆ, ಸತು ಗೀರಿದ ಜಾಗವನ್ನು ನೋಡಿಕೊಳ್ಳುತ್ತದೆ. ಇಂದು ಕರಾವಳಿಗೆ ಸಲ್ಲುವ ಕಲರ್ ಶೀಟಿನ ಬಣ್ಣದ ಕೆಳಗೆ ಇರಬೇಕಾದದ್ದು ಇದೇ. ಅದರ ಪ್ರಮಾಣವನ್ನು ಗ್ರಾಂನಲ್ಲಿ ಹೇಳುತ್ತಾರೆ. 150 ಎಂದರೆ ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ ಅಷ್ಟು ಗ್ರಾಂ ಲೇಪ. ಒಳ್ಳೆಯ ತಯಾರಕರು ಶೀಟಿನ ಅಡಿಬದಿಯಲ್ಲಿ ಈ ಅಂಕಿಯನ್ನು ಅಚ್ಚು ಹಾಕಿರುತ್ತಾರೆ, ಇಲ್ಲದಿದ್ದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ದಪ್ಪದಲ್ಲೂ ಒಂದು ಒಳಗುಟ್ಟಿದೆ. ಅಂಗಡಿಯವರು 0.50 ಮಿ.ಮೀ. ಎಂದಾಗ ಅದು ಬರೀ ಉಕ್ಕಿನದೋ, ಲೇಪವನ್ನೂ ಬಣ್ಣವನ್ನೂ ಸೇರಿಸಿಯೋ ಎಂದು ಕೇಳಿ. ಸೇರಿಸಿದ್ದಾದರೆ ಉಕ್ಕು ಅದಕ್ಕಿಂತ ತೆಳ್ಳಗಿರುತ್ತದೆ, ತೆಂಗಿನಕಾಯಿ ಬಿದ್ದ ದಿನ ತಿಳಿಯುತ್ತದೆ.

ಬಣ್ಣಕ್ಕೆ ಬಂದರೆ, ಸಾಮಾನ್ಯ ಶೀಟಿನ ಮೇಲ್ಬದಿಗೆ ಸುಮಾರು 20 ಮೈಕ್ರಾನ್ ಇದ್ದರೆ ಅಡಿಬದಿಗೆ ಅದರ ಅರ್ಧಕ್ಕಿಂತಲೂ ಕಡಿಮೆ. ಅಡಿಬದಿಯನ್ನು ಯಾರು ನೋಡುತ್ತಾರೆ ಎಂಬ ಲೆಕ್ಕ ಅದು. ಮಳೆ ತೊಳೆಯದ, ಬಣ್ಣವೂ ತೆಳುವಾದ ಸೂರಿನ ಅಡಿ ಮೊದಲು ಸೋಲುವುದಕ್ಕೆ ಇನ್ನೇನು ಬೇಕು? ತೀರಕ್ಕೆ ತೀರಾ ಹತ್ತಿರವಿದ್ದವರು ಅಡಿಬದಿಗೂ ಪೂರ್ತಿ ಬಣ್ಣವಿರುವ ಶೀಟು ಬೇಕೆಂದು ಹಟ ಹಿಡಿಯುವುದು ಒಳ್ಳೆಯದು. ಗ್ಯಾರಂಟಿ ಕಾಗದವನ್ನೂ ಓದಿ. ಸಮುದ್ರದಿಂದ ಇಷ್ಟು ದೂರದೊಳಗೆ ಇದು ಅನ್ವಯಿಸದು ಎಂಬ ಸಾಲು ಅದರಲ್ಲಿ ಎಲ್ಲೋ ಸಣ್ಣಕ್ಷರದಲ್ಲಿರುತ್ತದೆ.

ಅಲೆಯ ಸದ್ದು ನೇರ ಕೇಳುವಷ್ಟು ಹತ್ತಿರದ ಮನೆಗೆ ನಾನಾದರೆ ಅಲ್ಯೂಮಿನಿಯಂ ಶೀಟನ್ನೇ ಹೇಳುತ್ತೇನೆ. ದುಬಾರಿ, ಮೆದು, ಬಿಸಿಲಿಗೆ ಉಕ್ಕಿನ ಇಮ್ಮಡಿಯಷ್ಟು ಹಿಗ್ಗುತ್ತದೆ. ರಾತ್ರಿಗೂ ಮಧ್ಯಾಹ್ನಕ್ಕೂ ಶೀಟಿನ ಬಿಸಿಯಲ್ಲಿ 40 ಡಿಗ್ರಿ ವ್ಯತ್ಯಾಸವಾದರೆ ಆರು ಮೀಟರಿನ ಉಕ್ಕಿನ ಶೀಟು ಸುಮಾರು 3 ಮಿ.ಮೀ. ಬೆಳೆಯುತ್ತದೆ, ಅಲ್ಯೂಮಿನಿಯಂ ಐದೂವರೆ. ಆದರೂ ಅದಕ್ಕೆ ಕೆಂಪು ತುಕ್ಕಿಲ್ಲ. ಒಂದೇ ಎಚ್ಚರ ಬೇಕು: ಅದನ್ನು ಉಕ್ಕಿನ ಪೈಪಿನ ಮೇಲೆ ನೇರ ಮಲಗಿಸಬಾರದು. ಉಪ್ಪುನೀರು ನಡುವೆ ಸೇರಿತೆಂದರೆ ಎರಡು ಲೋಹಗಳ ನಡುವೆ ವಿದ್ಯುತ್ತು ಹರಿದು, ಮುಟ್ಟಿದ ಕಡೆ ಅಲ್ಯೂಮಿನಿಯಂ ಹುಡಿಯಾಗುತ್ತದೆ. ಮಧ್ಯೆ ರಬ್ಬರ್ ಪಟ್ಟಿಯೋ ಟೇಪೋ ಇರಲೇಬೇಕು. ಹಸಿ ಸಿಮೆಂಟ್ ಗಾರೆಯೂ ಅದಕ್ಕೆ ಆಗದು, ಗಾಲ್ವಲ್ಯೂಮಿಗೂ ಆಗದು. ದನದ ಹಟ್ಟಿಯ ಮೇಲೆ ಗಾಲ್ವಲ್ಯೂಮ್ ಹಾಕಬೇಡಿ, ಗಂಜಳದ ಅಮೋನಿಯ ಅದನ್ನು ಒಳಗಿನಿಂದ ತಿನ್ನುತ್ತದೆ. ಸಿಡಿಲು ತಡೆಯುವ ತಾಮ್ರದ ಪಟ್ಟಿಯನ್ನು ಶೀಟಿನ ಮೇಲೆ ಹಾಯಿಸುವವರಿದ್ದಾರೆ. ತಾಮ್ರ ತೊಳೆದ ನೀರು ಹರಿದ ದಾರಿಯಲ್ಲೆಲ್ಲ ಲೇಪ ಹೋಗುತ್ತದೆ.

ಇಷ್ಟಾಗಿ ಸರಕು ಎಷ್ಟೇ ಒಳ್ಳೆಯದಾಗಿರಲಿ, ಒಂದು ದಿನದಲ್ಲಿ ಅದನ್ನು ಕೆಡಿಸಬಹುದು. ಶೀಟಿನವರ ಕುಶಲತೆಯ ಬಗ್ಗೆ ನನಗಿರುವ ಗೌರವ ಇಲ್ಲಿಯದು. ಒಳ್ಳೆಯ ಮೇಸ್ತ್ರಿ ಏಣಿ ಇಡುವ ಮೊದಲೇ ಗಾಳಿಯ ದಿಕ್ಕು ನೋಡುತ್ತಾರೆ. ನಮ್ಮ ಮಳೆಗಾಲದ ಗಾಳಿ ನೈಋತ್ಯದ್ದು. ಒಂದು ಶೀಟಿನ ಅಂಚಿನ ಮೇಲೆ ಇನ್ನೊಂದು ಕೂರುವ ಬಾಯಿ ಆ ಗಾಳಿಗೆ ಬೆನ್ನು ಹಾಕಬೇಕಾದರೆ ಗಾಳಿ ಬಾರದ ತುದಿಯಿಂದ ಹಾಸಲು ಶುರು ಮಾಡಬೇಕು. ಮೊದಲ ಶೀಟು ಸೂರಿನ ಗೆರೆಗೆ ಮೂಲೆಮಟ್ಟವಾಗಿ ಕೂರುವವರೆಗೆ ಎರಡನೆಯದನ್ನು ಮುಟ್ಟುವುದಿಲ್ಲ. ನೂಲು ಕಟ್ಟಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಸರಿಪಡಿಸುತ್ತಾರೆ. ಅಲ್ಲಿ ಒಂದು ಬೆರಳು ತಪ್ಪಿದರೆ ಹತ್ತನೆಯ ಶೀಟಿನ ಹೊತ್ತಿಗೆ ಒಂದು ಗೇಣು ಆಗಿರುತ್ತದೆ. ಮನೆಯವರು ಕೆಳಗಿನಿಂದ “ಇಷ್ಟೊತ್ತು ಒಂದೇ ಶೀಟಾ ಮಾರಾಯ್ರೆ?” ಎಂದು ಕೇಳುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ.

ತುದಿಗಳಲ್ಲಿ ಇನ್ನೂ ಸೂಕ್ಷ್ಮ ಕೆಲಸವಿದೆ. ನೆತ್ತಿಯಲ್ಲಿ ರಿಡ್ಜ್ ಮುಚ್ಚುವ ಮೊದಲು ಶೀಟಿನ ತಗ್ಗುಗಳ ತುದಿಯನ್ನು ಇಕ್ಕಳದಿಂದ ಸ್ವಲ್ಪ ಮೇಲಕ್ಕೆ ಮಡಚಬೇಕು. ಬಿರುಗಾಳಿ ನೀರನ್ನು ಇಳಿಜಾರಿನಲ್ಲಿ ಮೇಲಕ್ಕೇ ನೂಕಿದಾಗ ಅದು ದಾಟಿ ಒಳಗೆ ಬೀಳದಂತೆ ತಡೆಯುವುದು ಈ ಪುಟ್ಟ ಮಡಿಕೆ. ಸೂರಿನಲ್ಲಿ ತುದಿಯನ್ನು ಕೆಳಕ್ಕೆ ಬಾಗಿಸಬೇಕು, ಇಲ್ಲದಿದ್ದರೆ ನೀರು ಶೀಟಿನ ಅಡಿಬದಿಗೆ ಅಂಟಿಕೊಂಡು ಹಿಂದಕ್ಕೆ ಹರಿದು ಕತ್ತರಿಸಿದ ಅಂಚನ್ನು ಸದಾ ತೇವವಾಗಿಡುತ್ತದೆ. ಎರಡೂ ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದ ಅವಸರದವರು ಎರಡನ್ನೂ ಬಿಡುತ್ತಾರೆ.

ಇನ್ನು ಸ್ಕ್ರೂ. ಮಾಡಿನ ಶೀಟಿಗೆ ಸ್ಕ್ರೂ ಹೊಡೆಯುವುದು ನೀರು ಹರಿಯುವ ತಗ್ಗಿನಲ್ಲಲ್ಲ, ಉಬ್ಬಿನ ಮೇಲೆ. ಅದರ ತಲೆಯ ಕೆಳಗಿನ ಕರಿ ರಬ್ಬರ್ ವಾಷರ್ ಲೋಹದ ಅಂಚಿನಾಚೆ ಒಂದಿಷ್ಟೇ ಇಣುಕಬೇಕು. ಪೂರ್ತಿ ಚಪ್ಪಟೆಯಾಗಿ ಹೊರಗೆ ಚೆಲ್ಲಿದರೆ ಬಿಗಿ ಹೆಚ್ಚಾಯಿತು, ಬಿಸಿಲಿಗೆ ಸೀಳುತ್ತದೆ. ಇಣುಕದಿದ್ದರೆ ಕಡಿಮೆಯಾಯಿತು, ನೀರು ಇಳಿಯುತ್ತದೆ. ಪಳಗಿದ ಕೈ ಡ್ರಿಲ್ಲಿನ ಸದ್ದು ಬದಲಾದದ್ದನ್ನು ಕೇಳಿಯೇ ಬೆರಳು ಸಡಿಲಿಸುತ್ತದೆ. ಶೀಟಿಗೆ ಲಕ್ಷಗಟ್ಟಲೆ ಸುರಿದು ಸ್ಕ್ರೂವಿನಲ್ಲಿ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಬೇಸರ. ಅಗ್ಗದ ಸ್ಕ್ರೂ ಮೊದಲು ತಾನು ತುಕ್ಕಾಗುತ್ತದೆ, ಆಮೇಲೆ ಸುತ್ತಲಿನ ರಂಧ್ರವನ್ನು ಹಿಗ್ಗಿಸುತ್ತದೆ. ಗಾಳಿ ಮಾಡನ್ನು ಒತ್ತುತ್ತದೆ ಎಂದು ನಾವು ಭಾವಿಸಿದರೂ ಅದು ಮಾಡುವುದು ಎತ್ತುವ ಕೆಲಸ, ಅದರಲ್ಲೂ ಮೂಲೆ, ಸೂರು, ನೆತ್ತಿಗಳಲ್ಲಿ. ಕಟ್ಟಡಗಳ ಮೇಲಿನ ಗಾಳಿಯ ಲೆಕ್ಕಕ್ಕೆ ಭಾರತೀಯ ಮಾನಕ ಮಂಗಳೂರಿಗೆ ಇಟ್ಟಿರುವ ಮೂಲವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ.; ಬೆಂಗಳೂರಿಗೆ 33. ಬಯಲುಸೀಮೆಯ ಅಳತೆಯಲ್ಲಿ ಹೊಡೆದ ಸ್ಕ್ರೂ ಇಲ್ಲಿ ಸಾಲದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ತೀರದ ಬದಿಯಲ್ಲೇ ಹಾದುಹೋದದ್ದನ್ನು ಕಂಡವರಿಗೆ ಮೂಲೆಗಳಲ್ಲಿ ಸ್ಕ್ರೂ ಒತ್ತಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮಾಡಿನ ಮೇಲೆ ಗ್ರೈಂಡರ್ ಕಿಡಿ ಹಾರಿದರೆ ಕೆಲಸ ನಿಲ್ಲಿಸಿ. ಗ್ರೈಂಡರ್ ಕತ್ತರಿಸುವಾಗ ಅಂಚಿನ ಲೇಪ ಸುಟ್ಟುಹೋಗುತ್ತದೆ, ಸತು ಆ ಅಂಚನ್ನು ಕಾಯಲಾರದು. ಕೆಂಡದಂಥ ಉಕ್ಕಿನ ಚೂರುಗಳು ಅಕ್ಕಪಕ್ಕದ ಬಣ್ಣಕ್ಕೆ ಅಂಟಿ, ವಾರದಲ್ಲೇ ಸಾವಿರ ಕೆಂಪು ಚುಕ್ಕಿಗಳಾಗುತ್ತವೆ. ತಗಡು ಕತ್ತರಿಯೇ ಸರಿ, ನಿಧಾನವಾದರೂ. ಸಂಜೆ ಇಳಿಯುವ ಮೊದಲು ಡ್ರಿಲ್ಲಿನ ಸಿಬರುಗಳನ್ನೆಲ್ಲ ಮೆತ್ತನೆಯ ಪೊರಕೆಯಿಂದ ಗುಡಿಸಿ ತೆಗೆಯುವ ತಂಡ ಸಿಕ್ಕರೆ ಕೂಲಿಯಲ್ಲಿ ಚರ್ಚೆ ಮಾಡದೆ ಒಪ್ಪಿಕೊಳ್ಳಿ.

ಹೊರುವ ಚೌಕಟ್ಟಿನ ಬಗ್ಗೆ ಎರಡು ಮಾತು. ಪೈಪಿನ ಟ್ರಸ್ ಹೊರಗಿನಿಂದ ತುಕ್ಕು ಹಿಡಿದರೆ ಕಾಣುತ್ತದೆ, ಬಣ್ಣ ಬಳಿಯಬಹುದು. ಒಳಗಿನಿಂದ ಹಿಡಿದರೆ ಗೊತ್ತಾಗುವುದು ಕೊನೆಗೆ. ಆದ್ದರಿಂದ ಪ್ರತಿ ಪೈಪಿನ ತೆರೆದ ಬಾಯಿಗೂ ತಗಡಿನ ತುಂಡಿಟ್ಟು ವೆಲ್ಡ್ ಮಾಡಿ ಮುಚ್ಚಿಸಬೇಕು. ಜಿ.ಐ. ಪೈಪಾದರೆ ವೆಲ್ಡಿಂಗಿನ ಬಿಸಿಗೆ ಸುಟ್ಟ ಸತುವಿನ ಜಾಗಕ್ಕೆ ಸತು ತುಂಬಿದ ಬಣ್ಣವನ್ನೇ ಹಚ್ಚಬೇಕು, ಬೆಳ್ಳಿ ಬಣ್ಣ ಹೊಳೆಯುತ್ತದೆ ಅಷ್ಟೆ. ಸೆಕೆಗೆ ಶೀಟಿನ ಕೆಳಗೆ ಹೊಳೆಯುವ ಫಾಯಿಲ್ ಹಾಸುವುದು, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡುವುದು, ಮೇಲೆ ತಿಳಿ ಬಣ್ಣ ಆರಿಸುವುದು, ಇವು ಎಲ್ಲರಿಗೂ ಗೊತ್ತಿರುವಂಥವು. ಆಟಿ ಮಳೆಯ ಸದ್ದಿಗೆ ಮಾತ್ರ ಪೂರ್ತಿ ಮದ್ದಿಲ್ಲ.

ಈ ಕೆಲಸವೆಲ್ಲ ಪತ್ತನಾಜೆಯೊಳಗೆ ಮುಗಿಯಬೇಕು. ಮೇ ಕೊನೆಯ ವಾರ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಶೀಟಿನವರ ಫೋನು ಎತ್ತುವವರಿರುವುದಿಲ್ಲ, ಅಷ್ಟು ಬೇಡಿಕೆ. ಅದಕ್ಕೆ ಡಿಸೆಂಬರಿನಲ್ಲೇ ಮಾತಾಡಿಟ್ಟುಕೊಳ್ಳುವುದು ಜಾಣತನ. ಆಮೇಲಿನದು ಮನೆಯವರ ಪಾಲು: ಮಳೆಗೆ ಮುಂಚೆ ಗಟರಿನಲ್ಲಿ ಕೊಳೆಯುವ ಮಾವಿನೆಲೆ, ತೆಂಗಿನ ಸಿಂಗಾರದ ಕಸ ತೆಗೆಯುವುದು, ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಆಗಾಗ ಪೈಪು ಹಿಡಿದು ಸೂರಿನ ಅಡಿಬದಿಯನ್ನೂ ಟಾಂಕಿಯ ಮರೆಯನ್ನೂ ತೊಳೆಯುವುದು. ಬರೀ ಸಿಹಿನೀರು ಸಾಕು, ಸೋಪು ಬೇಡ. ಆದರೆ ಹೊಳೆಗೂ ಕಡಲಿಗೂ ನಡುವಿನ ಊರುಗಳಲ್ಲಿ ಏಪ್ರಿಲ್ ಹೊತ್ತಿಗೆ ಬಾವಿ ನೀರೇ ಉಪ್ಪಾಗಿರುವುದುಂಟು. ಅಂಥವರು ಬಾವಿಯ ಪಂಪು ಹಾಕದೆ, ಪಂಚಾಯತಿನ ನಳ್ಳಿ ನೀರು ಬರುವ ಹೊತ್ತಿಗೆ ಕಾಯಬೇಕು.