ಎಂಡೊಮೆಟ್ರಿಯೋಸಿಸ್: ಮುಟ್ಟಿನ ನೋವನ್ನು ಮುಚ್ಚಿಡಬೇಡಿ

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನ, ಮರಣ, ಜಾತಿ, ಎಂಜಲುಗಳ ಸೂತಕದಂತೆಯೇ ರಜಸ್ಸಿನ ಸೂತಕವೂ ಲಿಂಗಧಾರಿಗಳಿಗೆ ಇಲ್ಲವೆಂದು ಸಾರಿದರು. ಮುಟ್ಟಾದ ಹೆಣ್ಣುಮಗಳು ಇಷ್ಟಲಿಂಗ ಪೂಜೆಯನ್ನು ನಿಲ್ಲಿಸಬೇಕಾಗಿಲ್ಲವೆಂಬುದು ಅವರು ನಮಗೆ ಕೊಟ್ಟುಹೋದ ದೊಡ್ಡ ಅರಿವು. ಆದರೆ ಪೂಜೆಗೆ ಅಡ್ಡಿಯಾಗದ ಮುಟ್ಟು ಇಂದಿಗೂ ಮಾತಿಗೆ ಅಡ್ಡಿಯಾಗಿಯೇ ಉಳಿದಿದೆ. ಹೊನ್ನಾಳಿ, ನ್ಯಾಮತಿ ಸೀಮೆಯ ಎಷ್ಟೋ ಮನೆಗಳಲ್ಲಿ ಮಗಳು ತಿಂಗಳಿಗೆ ಎರಡು ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ, ಶಾಲೆ ತಪ್ಪಿಸುತ್ತಾಳೆ. "ನಮಗೂ ಹಿಂಗೇ ಆಗ್ತಿತ್ತು, ಮದುವೆ ಆದ್ರೆ ಸರಿಹೋಗ್ತೈತೆ" ಎಂಬ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಈ ನೋವಿನ ಹಿಂದೆ ಇರಬಹುದಾದ ಒಂದು ಕಾಯಿಲೆಯನ್ನು ಭಕ್ತರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಕಾಯಿಲೆಯ ಸ್ವರೂಪ

ಗರ್ಭಾಶಯದ ಒಳಗೋಡೆಯ ಮೇಲೆ ತಿಂಗಳು ತಿಂಗಳು ಒಂದು ಮೃದುವಾದ ಪದರ ಬೆಳೆಯುತ್ತದೆ. ಗರ್ಭ ನಿಲ್ಲದಿದ್ದಾಗ ಅದು ಕಳಚಿ ಋತುಸ್ರಾವವಾಗಿ ಹೊರಹೋಗುತ್ತದೆ. ಕೆಲವರಲ್ಲಿ ಈ ಪದರವನ್ನೇ ಹೋಲುವ ಅಂಗಾಂಶವು ಗರ್ಭಾಶಯದ ಹೊರಗೆ, ಅಂಡಾಶಯ, ಅಂಡನಾಳ, ಕಿಬ್ಬೊಟ್ಟೆಯ ಒಳಪೊರೆ, ಕರುಳು ಅಥವಾ ಮೂತ್ರಕೋಶದ ಮೇಲೆ ಬೆಳೆಯುತ್ತದೆ. ಇದಕ್ಕೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ಅಲ್ಲಿಯೂ ರಕ್ತ ಒಸರುತ್ತದೆ. ಆದರೆ ಹೊರಹೋಗಲು ದಾರಿಯಿರುವುದಿಲ್ಲ. ಅದರಿಂದ ಉರಿಯೂತ ಉಂಟಾಗಿ, ಕಾಲಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗುಳ್ಳೆ ಬೆಳೆದರೆ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುವರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನ ಪಡೆಯುವ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 10 ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆಯಿದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದು ಪತ್ತೆಯಾಗಲು 4 ರಿಂದ 12 ವರ್ಷಗಳಾಗುತ್ತವೆಂದೂ ಆ ಸಂಸ್ಥೆ ಹೇಳುತ್ತದೆ. ಹದಿನಾಲ್ಕರಲ್ಲಿ ನೋವು ಆರಂಭವಾದ ಹುಡುಗಿಗೆ ಮದುವೆಯಾಗಿ, ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದಾಗ ಮಾತ್ರ ಕಾಯಿಲೆಯ ಹೆಸರು ತಿಳಿಯುವುದುಂಟು.

ಆಯುರ್ವೇದದ ನೋಟ, ಇಂದಿನ ಸಂಶೋಧನೆ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 30 ನೆಯ ಅಧ್ಯಾಯದಲ್ಲಿ 20 ಬಗೆಯ ಯೋನಿವ್ಯಾಪತ್ತುಗಳ ವಿವರಣೆಯಿದೆ. ಅವುಗಳಲ್ಲಿ ಉದಾವರ್ತಿನಿ ಎಂಬುದೊಂದು. ವಾತವು ತನ್ನ ಸಹಜ ಕೆಳಮುಖ ಗತಿಯನ್ನು ಬಿಟ್ಟು ರಜಸ್ಸನ್ನು ಮೇಲ್ಮುಖವಾಗಿ ನೂಕುವುದರಿಂದ ತೀವ್ರ ವೇದನೆಯಾಗುತ್ತದೆಂದು ಅಲ್ಲಿ ಹೇಳಿದೆ. 1927 ರಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಅವರು, ಮುಟ್ಟಿನ ರಕ್ತದ ಒಂದಂಶ ಅಂಡನಾಳಗಳ ಮೂಲಕ ಹಿಂದಕ್ಕೆ ಹರಿದು ಕಿಬ್ಬೊಟ್ಟೆಯಲ್ಲಿ ನೆಲೆಯೂರುವುದೇ ಎಂಡೊಮೆಟ್ರಿಯೋಸಿಸ್‌ಗೆ ಕಾರಣವೆಂದು ಪ್ರತಿಪಾದಿಸಿದರು. ಈ ಎರಡರ ಸಾಮ್ಯ ಕುತೂಹಲಕರ. ಆದರೂ ಎರಡೂ ಒಂದೇ ಎಂದು ನಾವು ಹೇಳಲಾರೆವು. ಉದಾವರ್ತಿನಿಯಲ್ಲಿ ಸ್ರಾವವಾದೊಡನೆ ಸುಖವೆನಿಸುತ್ತದೆ. ಎಂಡೊಮೆಟ್ರಿಯೋಸಿಸ್‌ನ ನೋವು ಮುಟ್ಟಿಗೆ ಕೆಲವು ದಿನ ಮೊದಲೇ ಆರಂಭವಾಗಿ ಸ್ರಾವ ನಿಂತ ಮೇಲೂ ಉಳಿಯಬಹುದು. ಈ ಭೇದವನ್ನು ತಾಯಂದಿರು ಗಮನಿಸಿದರೆ ವೈದ್ಯರಿಗೆ ದೊಡ್ಡ ಸಹಾಯವಾಗುತ್ತದೆ.

ಸ್ಯಾಂಪ್ಸನ್ ಅವರ ವಾದವೊಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ. ಹಿಮ್ಮುಖ ಸ್ರಾವ ಬಹುತೇಕ ಎಲ್ಲ ಸ್ತ್ರೀಯರಲ್ಲಿಯೂ ಉಂಟು. ಕಾಯಿಲೆ ಕೆಲವರಿಗೆ ಮಾತ್ರ. 2023 ರಲ್ಲಿ ಪ್ರಕಟವಾದ, ಕಾಯಿಲೆಯಿರುವ 60 ಸಾವಿರಕ್ಕೂ ಹೆಚ್ಚು ಸ್ತ್ರೀಯರನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನವು, ಇದಕ್ಕೆ ಸಂಬಂಧಿಸಿದ 42 ತಾಣಗಳನ್ನು ವಂಶವಾಹಿಗಳಲ್ಲಿ ಗುರುತಿಸಿತು. ತಾಯಿಗೋ ಅಕ್ಕನಿಗೋ ಇದ್ದರೆ ಮಗಳಿಗೂ ತಂಗಿಗೂ ಬರುವ ಸಂಭವ ಹೆಚ್ಚೆಂಬುದಕ್ಕೆ ಇದರಿಂದ ಪುಷ್ಟಿ ದೊರೆಯುತ್ತದೆ. ಅದೇ ವರ್ಷ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಬಗೆಯ ಬ್ಯಾಕ್ಟೀರಿಯಾಕ್ಕೂ ಈ ಕಾಯಿಲೆಗೂ ಸಂಬಂಧವಿರಬಹುದೆಂದು ತೋರಿಸಿದರು. ಅದರ ಚಿಕಿತ್ಸೆಯ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಆದುದರಿಂದ ಯಾರೂ ತಾವಾಗಿ ಆಂಟಿಬಯಾಟಿಕ್ ನುಂಗಬಾರದು. ಭಾರತದ ಸ್ತ್ರೀಯರಲ್ಲಿ ಈ ಕಾಯಿಲೆಯ ಲಕ್ಷಣಗಳನ್ನೂ ವಂಶವಾಹಿಗಳನ್ನೂ ಕುರಿತು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಮುಂಬಯಿಯ ಸಂಸ್ಥೆಯ ನೇತೃತ್ವದಲ್ಲಿ ಅಧ್ಯಯನ ನಡೆದಿದೆ.

ಇವುಗಳಿಂದ ಒಂದು ಮಾತು ಸ್ಪಷ್ಟ. ಈ ಕಾಯಿಲೆ ಹೆಣ್ಣಿನ ನಡತೆಯಿಂದಾಗಲಿ, ಸೋಮಾರಿತನದಿಂದಾಗಲಿ, ಯಾರದೋ ದೃಷ್ಟಿಯಿಂದಾಗಲಿ ಬರುವಂಥದಲ್ಲ.

ಯಾವಾಗ ವೈದ್ಯರನ್ನು ಕಾಣಬೇಕು?

ಮುಟ್ಟಿನ ಮೊದಲ ದಿನ ಸ್ವಲ್ಪ ಹೊಟ್ಟೆನೋವು ಸಹಜ. ಈ ಕೆಳಗಿನವು ಕಂಡರೆ ಕಾಯಬಾರದು:

ಶಾಲೆ, ಗದ್ದೆ ಕೆಲಸ, ಅಡುಗೆ ಬಿಟ್ಟು ಮಲಗಬೇಕಾಗುವಷ್ಟು ನೋವು. ಮಾತ್ರೆ ನುಂಗಿದರೂ ಇಳಿಯದ ನೋವು. ಮುಟ್ಟಿನ ದಿನಗಳಲ್ಲಿ ಮಲಮೂತ್ರ ವಿಸರ್ಜನೆಯಲ್ಲಿ ವೇದನೆ. ದಾಂಪತ್ಯ ಸಂಬಂಧದಲ್ಲಿ ನೋವು. ವರ್ಷ ವರ್ಷ ಹೆಚ್ಚುತ್ತಾ ಹೋಗುವ ನೋವು. ಮದುವೆಯಾಗಿ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿರುವುದು.

ಮನೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಕಾಲ ಮುಟ್ಟಿನ ದಿನಗಳನ್ನೂ ನೋವಿನ ದಿನಗಳನ್ನೂ ಬೇರೆ ಬೇರೆ ಗುರುತು ಹಾಕಿ ವೈದ್ಯರಿಗೆ ತೋರಿಸಿರಿ. ಹೊನ್ನಾಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಂಡು, ಅಗತ್ಯವಿದ್ದರೆ ದಾವಣಗೆರೆ ಅಥವಾ ಶಿವಮೊಗ್ಗದ ದೊಡ್ಡ ಆಸ್ಪತ್ರೆಗಳಿಗೆ ಹೋಗಬಹುದು. ಹಿಂದೆ ಉದರದರ್ಶಕ ಶಸ್ತ್ರಕ್ರಿಯೆ ಮಾಡಿ ಕಣ್ಣಾರೆ ಕಂಡರೆ ಮಾತ್ರ ಕಾಯಿಲೆ ನಿಶ್ಚಯವೆನ್ನುತ್ತಿದ್ದರು. 2022 ರ ಯುರೋಪಿನ ತಜ್ಞರ ಮಾರ್ಗಸೂಚಿಯು ಲಕ್ಷಣಗಳನ್ನೂ ಸ್ಕ್ಯಾನಿಂಗನ್ನೂ ಆಧರಿಸಿ ಔಷಧಿ ಆರಂಭಿಸಬಹುದೆಂದಿದೆ. ಆದರೆ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೆ ಕಾಯಿಲೆಯಿಲ್ಲವೆಂದು ಅರ್ಥವಲ್ಲ. ಚಿಕ್ಕ ಗಾಯಗಳು ಅದರಲ್ಲಿ ಕಾಣಿಸುವುದಿಲ್ಲ.

ಚಿಕಿತ್ಸೆಯ ವಿಚಾರ

ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧಿ ಯಾವ ಪದ್ಧತಿಯಲ್ಲಿಯೂ ಇಲ್ಲ. ನೋವುನಿವಾರಕಗಳು, ಹಾರ್ಮೋನು ಮಾತ್ರೆಗಳು, ಅಗತ್ಯವಿದ್ದವರಿಗೆ ಶಸ್ತ್ರಕ್ರಿಯೆ ಇವುಗಳಿಂದ ಅದನ್ನು ಹತೋಟಿಯಲ್ಲಿಡಬಹುದು. ವಾತಶಮನಕ್ಕಾಗಿ ನಾವು ಹೇಳುವ ಎಣ್ಣೆಯ ಅಭ್ಯಂಗ, ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖ, ಹಿಂಗು ಓಮ ಬೆರೆಸಿದ ಬಿಸಿ ಆಹಾರ, ಮಲಬದ್ಧತೆಯಾಗದಂತೆ ಎಚ್ಚರ, ಸಾಕಷ್ಟು ನಿದ್ರೆ ಇವು ದೇಹಕ್ಕೆ ಹಿತಕರ. ಇವು ಪರೀಕ್ಷೆಗೆ ಬದಲಿಯಲ್ಲ. ಗರ್ಭ ಬಯಸುವವರು ವೈದ್ಯರ ಸಲಹೆಯಿಲ್ಲದೆ ಭಸ್ಮಗಳನ್ನಾಗಲಿ ಹೆಸರಿಲ್ಲದ ಪುಡಿಗಳನ್ನಾಗಲಿ ಸೇವಿಸಕೂಡದು.

ಮದುವೆಯಾಗಲಿ ಹೆರಿಗೆಯಾಗಲಿ ಇದಕ್ಕೆ ಮದ್ದಲ್ಲ. ಗರ್ಭಿಣಿಯಾಗಿರುವಾಗ ಕೆಲವರಿಗೆ ನೋವು ತಗ್ಗಿದರೂ ಮುಂದೆ ಮರಳಬಹುದು. ಈ ಕಾಯಿಲೆಯಿರುವವರೆಲ್ಲರಿಗೂ ಬಂಜೆತನ ಬಂದೇ ಬರುತ್ತದೆಂದೇನಿಲ್ಲ ಎಂಬುದನ್ನೂ ತಿಳಿದಿರಬೇಕು, ಅನೇಕರು ತಾಯಂದಿರಾಗುತ್ತಾರೆ.

ಗರ್ಭಾಶಯವನ್ನು ತೆಗೆಸಿಬಿಟ್ಟರೆ ಎಲ್ಲವೂ ಮುಗಿಯಿತೆಂಬ ನಂಬಿಕೆ ನಮ್ಮ ಗ್ರಾಮಗಳಲ್ಲಿ ಬಲವಾಗಿದೆ. ಈ ಅಂಗಾಂಶ ಇರುವುದೇ ಗರ್ಭಾಶಯದ ಹೊರಗೆ. ಆದುದರಿಂದ ಗರ್ಭಾಶಯ ಹೋದರೂ ನೋವು ಉಳಿಯಬಹುದು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಾಶಯ ತೆಗೆದ ಪ್ರಕರಣಗಳು 2015 ರ ಸುಮಾರಿಗೆ ಬೆಳಕಿಗೆ ಬಂದು ನಾಡೇ ತಲೆತಗ್ಗಿಸಿತು. 2023 ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನಗತ್ಯ ಗರ್ಭಾಶಯ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಕೆಲವರಿಗೆ ಈ ಶಸ್ತ್ರಕ್ರಿಯೆ ನಿಜವಾಗಿಯೂ ಬೇಕಾಗುತ್ತದೆ. ಆದರೂ ಒಪ್ಪಿಗೆಗೆ ಸಹಿ ಹಾಕುವ ಮೊದಲು ಮತ್ತೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು.

ಮನೆಯವರಲ್ಲಿ ಒಂದು ವಿನಂತಿ

ಭತ್ತದ ನಾಟಿಗೆ, ಅಡಿಕೆ ಸುಲಿಯಲು ಹೋಗುವ ನಮ್ಮ ತಾಯಂದಿರಿಗೆ ರಜೆ ಕೊಡುವ ಕಚೇರಿಯಿಲ್ಲ. ಅವರಿಗೆ ರಜೆ ಕೊಡಬೇಕಾದವರು ಮನೆಯವರೇ. ಕಾಯಕವೇ ಕೈಲಾಸವೆಂಬ ಮಾತು ನೋವಿನಲ್ಲಿರುವವರನ್ನು ದುಡಿಸಿಕೊಳ್ಳಲು ಹೇಳಿದ್ದಲ್ಲ. ಸೊಸೆಗೆ ಮಕ್ಕಳಾಗದಿದ್ದರೆ ಪರೀಕ್ಷೆ ದಂಪತಿಗಳಿಬ್ಬರಿಗೂ ಆಗಬೇಕು, ಅವಳೊಬ್ಬಳನ್ನೇ ದೂರಬಾರದು. ತಂದೆಯಾದವರು ಮಗಳ ಹೊಟ್ಟೆನೋವಿನ ವಿಚಾರ ಹೆಂಗಸರದೆಂದು ಎದ್ದುಹೋಗದೆ, ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲಿ. ಹತ್ತನೆಯ ತರಗತಿಯ, ಪಿಯುಸಿಯ ಪರೀಕ್ಷೆಗಳು ಹತ್ತಿರ ಬರುವ ಮುನ್ನವೇ ಈ ಕೆಲಸವಾದರೆ, ಆ ಮಗಳು ನೋವಿನ ಭಯವಿಲ್ಲದೆ ಪರೀಕ್ಷೆ ಬರೆದಾಳು.