ಹಿಡಿದರೆ ಬೇಟೆ, ಬಿಟ್ಟರೆ ಕಾಟ

ಕೋಲ್ಕತ್ತದ ದಕ್ಷಿಣದ ಅಂಚಿನ ಗರಿಯಾ, ನರೇಂದ್ರಪುರ, ಸೋನಾರ್‌ಪುರದ ಕಡೆ ರಾತ್ರಿ ಫಾಲ್ಸ್ ಸೀಲಿಂಗ್‌ನೊಳಗೆ ಯಾರೋ ಓಡಾಡಿದಂತಾದರೆ ಮನೆಯವರು ಮೊದಲು ಇಲಿಯನ್ನು ಬೈಯುತ್ತಾರೆ. ಸದ್ದು ಇಲಿಯದ್ದಲ್ಲ ಅನ್ನಿಸಿದಾಗ ಕಳ್ಳನಿರಬೇಕೆಂದು ಎದ್ದು ದೀಪ ಹಾಕುತ್ತಾರೆ. ಬೆಳಗ್ಗೆ ತಾರಸಿಯ ಮೂಲೆಯಲ್ಲಿ ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡ ಮೇಲೆ ಅಕ್ಕಪಕ್ಕದ ಹಿರಿಯರು ತೀರ್ಪು ಕೊಡುತ್ತಾರೆ: ‘ಭಾಮ್’.

ಭಾಮ್ ಎಂದರೆ ನಮ್ಮ ಮಲೆನಾಡಿನವರಿಗೆ ಗೊತ್ತಿರುವ ಕಬ್ಬೆಕ್ಕು. ಹೆಸರಿಗೆ ಬೆಕ್ಕು, ವಂಶ ಪುನುಗಿನದು. ಎರಡರಿಂದ ಐದು ಕಿಲೋ ತೂಗುವ ಮೈ, ಹೆಚ್ಚುಕಡಿಮೆ ಅಷ್ಟೇ ಉದ್ದದ ಬಾಲ. ಹಗಲೆಲ್ಲ ನಿದ್ದೆ, ರಾತ್ರಿ ಊಟದ ಚಿಂತೆ. ಮಾವು, ಪೇರಲ, ಇಲಿ, ಹಲ್ಲಿ ಯಾವುದೂ ಬೇಡವಿಲ್ಲ. ಚಳಿಗಾಲದಲ್ಲಿ ಈಚಲ ಮರಕ್ಕೆ ಕಟ್ಟಿದ ರಸದ ಮಡಕೆಗೂ ಬಾಯಿ ಹಾಕುತ್ತದೆ. ಬಂಗಾಳಿಗಳು ಇದನ್ನು ಗಂಧಗೋಕುಲ ಎಂದೂ ಕರೆಯುತ್ತಾರೆ. ಅದು ಸುಳಿದಾಡಿದ ಕಡೆ ಗಂಧಸಾಲೆ ಅಕ್ಕಿ ಬೇಯುವಾಗ ಬರುವಂಥ ಪರಿಮಳ ಉಳಿಯುತ್ತದಂತೆ. ಸೀಲಿಂಗ್‌ನಲ್ಲಿ ತಿಂಗಳುಗಟ್ಟಲೆ ಅದರ ಮೂತ್ರ ಇಳಿದ ಮನೆಯವರಿಗೆ ಮಾತ್ರ ಆ ಪರಿಮಳದ ವರ್ಣನೆ ರುಚಿಸುವುದಿಲ್ಲ.

ಮರದ ಪೊಟರೆಯಲ್ಲಿ ಮರಿ ಹಾಕುತ್ತಿದ್ದ ಪ್ರಾಣಿ ಮನೆಗೆ ಬಂದದ್ದೇಕೆ ಎಂದು ಕೇಳುವುದಕ್ಕಿಂತ ಮನೆ ಎಲ್ಲಿಗೆ ಬಂತು ಎಂದು ಕೇಳುವುದು ಸರಿ. ಕೋಲ್ಕತ್ತ ಬೆಳೆದದ್ದು ಜೌಗು, ಕೆರೆ, ತೋಟಗಳ ಮೇಲೆ. ಸಾಲ್ಟ್ ಲೇಕ್ ಬಡಾವಣೆ ಎದ್ದದ್ದೇ 1960ರ ದಶಕದಲ್ಲಿ, ಉಪ್ಪುನೀರಿನ ಜೌಗಿಗೆ ಹೂಗ್ಲಿ ನದಿಯ ಹೂಳು ತುಂಬಿ. ಅದರಾಚೆ ಉಳಿದ ಪೂರ್ವ ಕೋಲ್ಕತ್ತದ ಜೌಗುಪ್ರದೇಶ, ಸುಮಾರು 12,500 ಹೆಕ್ಟೇರ್, 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್‌ಸರ್ ಪಟ್ಟಿ ಸೇರಿತು. ಟಾಲಿಗಂಜ್ ಕ್ಲಬ್‌ನ ಗಾಲ್ಫ್ ಮೈದಾನದಲ್ಲಿ ಇಂದಿಗೂ ನರಿಗಳಿವೆ. ಹಿತ್ತಲಿನ ಕೊಳದ ದಡದಲ್ಲಿ ‘ಗೋಸಾಪ್’, ಅಂದರೆ ಉಡ, ಬಿಸಿಲು ಕಾಯುವುದು ಹೊರವಲಯದವರಿಗೆ ಹೊಸದೇನಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಾದರೆ ಇಂಥ ಮನೆಯವರು ಫೋನ್ ಮಾಡುವುದು ಪರವಾನಗಿ ಪಡೆದ ವೃತ್ತಿಪರನಿಗೆ. ಅಟ್ಟ ಸೇರಿದ ರಕೂನನ್ನೋ ಅಳಿಲನ್ನೋ ಹಿಡಿಯಲು ಅವನು ದುಡ್ಡು ತೆಗೆದುಕೊಳ್ಳುತ್ತಾನೆ, ಅದೊಂದು ಕಸುಬು. ನಮ್ಮಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆ ಹಾಕುವುದು, ಬೋನಿಡುವುದು, ಆಸೆ ತೋರಿಸಿ ಸೆಳೆಯುವುದು ಎಲ್ಲವೂ ಬೇಟೆಯೇ. ಸಂರಕ್ಷಿತ ಪ್ರಾಣಿಯನ್ನು ಅನುಮತಿಯಿಲ್ಲದೆ ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬಂದವನು ಪುಣ್ಯ ಮಾಡಿದೆನೆಂದುಕೊಂಡರೂ ಕಾನೂನಿನ ಕಣ್ಣಿಗೆ ಬೇಟೆಗಾರ.

ಹಾಗಾಗಿ ಕೋಲ್ಕತ್ತದಲ್ಲಿ ಈ ಕೆಲಸ ಅರಣ್ಯ ಇಲಾಖೆಯ ತಂಡ ಮತ್ತು ಅದರ ಜೊತೆ ದುಡಿಯುವ ಸ್ವಯಂಸೇವಕರದ್ದು. ಹಿಡಿದ ಪ್ರಾಣಿಗಳನ್ನು ಒಯ್ಯುವುದು ಸಾಲ್ಟ್ ಲೇಕ್‌ನಲ್ಲಿರುವ ಇಲಾಖೆಯ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ. ಜೌಗು ತುಂಬಿ ಕಟ್ಟಿದ ಬಡಾವಣೆಯಲ್ಲೇ ಜೌಗಿನ ಪ್ರಾಣಿಗಳಿಗೆ ಆಸ್ಪತ್ರೆ! ಮೈಸೂರಿಗೆ ಸ್ನೇಕ್ ಶ್ಯಾಮ್ ಹೇಗೋ, ಬಂಗಾಳದ ಊರೂರಿಗೂ ಹಾವು ಹಿಡಿಯುವವರು ಹಾಗೆ ಇದ್ದಾರೆ. ಕೇವುಟೆ ನಾಗರ, ಚಂದ್ರಬೋಡಾ ಎಂಬ ಕೊಳಕುಮಂಡಲ, ಹಾಸಿಗೆಗೇ ಬರುವ ಕಾಲಾಚ್ ಎಂಬ ಕಟ್ಟುಹಾವು ಇರುವ ನಾಡಿನಲ್ಲಿ ಅವರಿಗೆ ಬಿಡುವು ಕಡಿಮೆ.

ಕಬ್ಬೆಕ್ಕಿನ ವಿಷಯಕ್ಕೆ ಬಂದರೆ, ಪಳಗಿದ ಕೈ ಪ್ರಾಣಿಯನ್ನು ಮುಟ್ಟುವುದಕ್ಕಿಂತ ಹೆಚ್ಚಾಗಿ ಮನೆಯನ್ನು ನೋಡುತ್ತದೆ. ಒಂದನ್ನು ಹಿಡಿದೊಯ್ದರೆ ಆ ಜಾಗ ಖಾಲಿ. ಕಿಂಡಿ ಹಾಗೇ ಇದ್ದರೆ ಇನ್ನೊಂದು ಬರುತ್ತದೆ. ಒಯ್ದು ಬಿಟ್ಟ ಪ್ರಾಣಿಯೋ ಗೊತ್ತಿಲ್ಲದ ನೆಲದಲ್ಲಿ ಬೀದಿನಾಯಿಗಳ ಬಾಯಿಗೆ ಬೀಳಬಹುದು. ಆದ್ದರಿಂದ ಮೊದಲ ಕೆಲಸ ಅದು ಬರುವ ದಾರಿ ಹುಡುಕುವುದು. ತೆರೆದ ವೆಂಟಿಲೇಟರ್, ಎ.ಸಿ. ಪೈಪಿಗೆ ಕೊರೆದ ತೂತು, ಕಿಟಕಿ ಸಜ್ಜಾದಲ್ಲಿನ ಸಂದಿ, ತಾರಸಿಗೆ ಒರಗಿದ ಮಾವಿನ ಕೊಂಬೆ. ಅನುಮಾನವಿದ್ದ ಕಡೆ ಸಂಜೆ ಹಿಟ್ಟು ಉದುರಿಸಿದರೆ ಬೆಳಗ್ಗೆ ಹೆಜ್ಜೆಗುರುತು ಸಾಕ್ಷಿ ಹೇಳುತ್ತದೆ. ಕೊಂಬೆ ಕಡಿದು, ಪ್ರಾಣಿ ಮೇಯಲು ಹೊರಟ ಮೇಲೆ ಕಿಂಡಿಗೆ ಗಟ್ಟಿ ತಂತಿಜಾಲರಿ ಬಡಿದರೆ ಮುಗಿಯಿತು.

ಮುಗಿಯುವುದಿಲ್ಲ, ಒಳಗೆ ಮರಿಗಳಿದ್ದರೆ. ತಾಯಿ ಹೊರಗೆ, ಎರಡರಿಂದ ಐದು ಮರಿ ಒಳಗೆ ಉಳಿದಾಗ ಜಾಲರಿ ಬಡಿದರೆ ಆಗುವುದೇನೆಂದು ಮೂಗು ಹೇಳುತ್ತದೆ. ಮರಿಗಳು ತಾಯಿಯ ಹಿಂದೆ ಹೊರಡುವ ತನಕ ಒಂದೆರಡು ತಿಂಗಳು ತಾಳಿಕೊಳ್ಳಿ ಎಂಬ ಸಲಹೆ ಮನೆಯವರಿಗೆ ಹಿಡಿಸುವುದಿಲ್ಲ. ಆದರೂ ಇದೇ ಕಡಿಮೆ ಖರ್ಚಿನ ದಾರಿ. ಸೀಲಿಂಗ್ ಒಡೆದಾಗ ಮರಿ ಕೈಗೆ ಸಿಕ್ಕರೆ ಪೆಟ್ಟಿಗೆಯಲ್ಲಿಟ್ಟು ಅಲ್ಲೇ ಹತ್ತಿರ ಎತ್ತರದ ಜಾಗದಲ್ಲಿರಿಸಿದರೆ ರಾತ್ರಿ ತಾಯಿಯೇ ಬಂದು ಕಚ್ಚಿಕೊಂಡು ಹೋಗುವ ಸಾಧ್ಯತೆ ಹೆಚ್ಚು.

ಹೌರಾ ಜಿಲ್ಲೆಯ ಹಳ್ಳಿಗಳ ಗೋಳು ಬೇರೆ. ಅಲ್ಲಿ ಮೀನಿನ ಕೊಳಕ್ಕೆ ಬರುವುದು ‘ಬಾಘ್‌ರೋಲ್’, ಮೀನುಬೆಕ್ಕು. ಚುಕ್ಕೆ, ಗೀಟು ನೋಡಿ ಹುಲಿಮರಿ ಎಂದು ಹೆದರಿ ಜನ ದೊಣ್ಣೆ ಹಿಡಿದದ್ದುಂಟು. 2012ರಲ್ಲಿ ಅದು ಪಶ್ಚಿಮ ಬಂಗಾಳದ ರಾಜ್ಯಪ್ರಾಣಿಯಾಯಿತು. ಪದವಿ ಕೊಟ್ಟದ್ದು ಒಳ್ಳೆಯದೇ, ಆದರೆ ಕೊಳದ ಮೀನು ಕಳೆದುಕೊಂಡವನ ನಷ್ಟವನ್ನು ಪದವಿ ತುಂಬಿಕೊಡುವುದಿಲ್ಲ.

ಉಪಯುಕ್ತ ಪ್ರಾಣಿಯನ್ನು ಕಾಯುವುದು ಕೋಲ್ಕತ್ತ ನಗರಕ್ಕೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತದ ಬೀದಿಯ ಕೊಳೆ ತಿಂದು ತೆಗೆಯುತ್ತಿದ್ದ ಹಾಡ್‌ಗಿಲಾ ಕೊಕ್ಕರೆಯನ್ನು ಕೊಂದವರಿಗೆ ಐವತ್ತು ರೂಪಾಯಿ ದಂಡವಿತ್ತು. 1896ರ ನಗರ ಲಾಂಛನದಲ್ಲಿ ಕೊಕ್ಕಿನಲ್ಲಿ ಹಾವು ಕಚ್ಚಿಕೊಂಡ ಎರಡು ಹಾಡ್‌ಗಿಲಾಗಳಿದ್ದವು. ಈಗ ನಗರದಲ್ಲಿ ಆ ಹಕ್ಕಿಯೇ ಇಲ್ಲ.

ಇಲಿ, ಹೆಗ್ಗಣದ ಮಾತು ಬೇರೆ. ಅವನ್ನು ಪೆಸ್ಟ್ ಕಂಟ್ರೋಲ್‌ನವರು ಹಿಡಿಯಬಹುದು. ಆದರೆ ವಿಷ ತಿಂದ ಇಲಿಯನ್ನು ತಿಂದ ಕಬ್ಬೆಕ್ಕು, ಗೂಬೆಗಳೂ ಸಾಯುತ್ತವೆ. ಅಲ್ಲಿಗೆ ಇಲಿ ಹಿಡಿಯಲು ಬಿಟ್ಟಿ ಬರುತ್ತಿದ್ದವರೂ ಇಲ್ಲವಾದಂತೆ. ಸೀಲಿಂಗ್ ಸದ್ದು ಮಾಡಿದರೆ ವಿಷದ ಪೊಟ್ಟಣ ಕೊಳ್ಳುವ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. ಜಾಲರಿ ಬಡಿಯುವ ಮೊದಲು ಒಳಗೆ ಮರಿಗಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.